ಹಾಸಿಗೆ ಮೇಲಿದ್ದ ಆ ತಾತ ಯಾರು? ಪೀಟ್ ಪಾಸಲ್‌ಥ್ವೇಟ್ ಬಗ್ಗೆ ಒಂದಿಷ್ಟು ಮಾತು

ಹಳೇಟಾಕೀಸ್
ನಿನ್ನೆ ರಾತ್ರಿ ಮಗಳ ಜತೆ ಕೂತು ‘ಇನ್‌ಸೆಪ್ಷನ್’ ನೋಡಿದೆ. ನನಗೆ ಮೂರನೇ ಸಲ, ಅವಳಿಗೆ ಮೊದಲನೇ ಸಲ. ಕನಸಿನೊಳಗೆ ಕನಸು, ಅದರೊಳಗೆ ಇನ್ನೊಂದು ಕನಸು. ಅವಳಿಗೆ ಸಲೀಸಾಗಿ ಅರ್ಥವಾಯಿತು. ನನಗೆ ಈ ಸಲವೂ ಅಷ್ಟಕ್ಕಷ್ಟೆ. ಕೊನೆಯ ಹತ್ತಿರ ಒಂದು ಕೋಣೆ ಬರುತ್ತದಲ್ಲ? ಹಾಸಿಗೆ ಮೇಲೆ ಸಾಯುತ್ತಿರುವ ಶ್ರೀಮಂತ ಅಪ್ಪ, ಪಕ್ಕದಲ್ಲಿ ಮಂಡಿಯೂರಿದ ಮಗ, ತಿಜೋರಿಯೊಳಗೆ ಒಂದು ಕಾಗದದ ಗಿರಗಿಟ್ಲೆ. ಅಪ್ಪನಿಗೆ ಮಾತೇ ಹೊರಡುವುದಿಲ್ಲ. ಎರಡು ಮೂರು ತುಂಡು ಶಬ್ದ, ಅಷ್ಟೇ. ನನಗೆ ಗಂಟಲು ಕಟ್ಟಿತು.

ಮಗಳು ಕೇಳಿದಳು, ‘ಈ ತಾತ ಯಾರಪ್ಪಾ?’ ಪೀಟ್ ಪಾಸಲ್‌ಥ್ವೇಟ್ ಅಂತ, ಇಂಗ್ಲೆಂಡಿನ ನಟ, ಅಂತ ಹೆಸರು ಹೇಳಿದೆ. 2010ರಲ್ಲಿ ಈ ಸಿನಿಮಾ ಬಂತು, 2011ರ ಜನವರಿ 2ಕ್ಕೆ ಇವರು ತೀರಿಕೊಂಡರು, ವಯಸ್ಸು 64 ಅಷ್ಟೇ, ಅಂದೆ. ಇವರು ಜೈಲಲ್ಲಿ ಸಾಯೋದು ನೋಡಿದ್ದೀನಿ, ಮನೇಲಿ ಸಾಯೋದು ನೋಡಿದ್ದೀನಿ, ಅಂತಲೂ ಹೇಳಿದೆ. ಅದಕ್ಕೆ ಅವಳು, ‘ಎದ್ದು ಓಡಾಡೋ ಸಿನಿಮಾ ಒಂದೂ ಇಲ್ವಾ ಇವರದು?’

ಇದೆ ಅಂತ ಗೊತ್ತು. ಆದರೆ ಎಲ್ಲಿಂದ ತೋರಿಸಲಿ? ಪೀಟ್ ಪಾಸಲ್‌ಥ್ವೇಟ್ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ?

ಸಬ್‌ಟೈಟಲ್ ಸುಬ್ಬಿ
ನಾನಿದ್ದೀನಿ ಸರ್. ಮೊದಲು ಹೆಸರಿನ ಪಂಚಾಯ್ತಿ ಮುಗಿಸೋಣ. ಇಂಗ್ಲಿಷಿನಲ್ಲಿ ನಡುವೆ ಒಂದು ‘ಟ’ ಇದೆ, ಬಾಯಲ್ಲಿ ಬರುವುದಿಲ್ಲ. ನೀವು ಬರೆದದ್ದು ಸರಿಯಾಗಿದೆ. ಅವರ ಕಡೆಯವರಿಗೇ ಈ ಹೆಸರು ಉದ್ದ ಅನ್ನಿಸಿತ್ತಂತೆ. ಶುರುವಿನಲ್ಲಿ ಬದಲಾಯಿಸಿಕೊಳ್ಳಿ, ಥಿಯೇಟರ್ ಮುಂದೆ ದೀಪದಲ್ಲಿ ಬರೆಸಲು ಆಗುವುದಿಲ್ಲ ಅಂತ ಬುದ್ಧಿ ಹೇಳಿದವರಿದ್ದರು. ಪೀಟ್ ಬದಲಾಯಿಸಲಿಲ್ಲ. ಮುಖವೂ ಹಾಗೇ. ಎದ್ದು ಕಾಣುವ ಕೆನ್ನೆಮೂಳೆ, ದಪ್ಪ ಮೂಗು, ಒಳಗೆ ಹೋದ ಕಣ್ಣು. ಅದನ್ನೂ ಹೇಗಿತ್ತೋ ಹಾಗೇ ಇಟ್ಟುಕೊಂಡರು.

ಗೊಣಗಪ್ಪ
ಮುಖವನ್ನು ಬದಲಾಯಿಸಿಕೊಳ್ಳೋದು ಹೇಗೆ ಸ್ವಾಮಿ?

ಸಬ್‌ಟೈಟಲ್ ಸುಬ್ಬಿ
ಗೊಣಗಪ್ಪನವರೇ, ಬಂದಿರಾ. ಚರ್ಚೆಗೆ ಕಳೆ ಬಂತು.

ಕಾಫಿಲೋಟ
ನನಗೆ ಇವರು ‘ಯೂಶುವಲ್ ಸಸ್ಪೆಕ್ಟ್ಸ್’ (1995) ಚಿತ್ರದ ಕೊಬಯಾಶಿ. ಹೆಸರು ಜಪಾನಿನದು, ಬಣ್ಣ ಹಚ್ಚಿದ ಮುಖ ಎಲ್ಲಿಯದೋ, ಮಾತು ಕೇಳಿದರೆ ನಮ್ಮ ಕಡೆಯವರ ಇಂಗ್ಲಿಷಿನ ಹಾಗೆ. ಮೊದಲ ಸಲ ನೋಡಿದಾಗ ಏನಪ್ಪಾ ಇದು ಎಡವಟ್ಟು ಅಂದುಕೊಂಡೆ. ಕೊನೆಯಲ್ಲಿ ಒಂದು ಪಿಂಗಾಣಿ ಲೋಟ ಕೆಳಗೆ ಬಿದ್ದು ತಳದಲ್ಲಿ ಅದೇ ‘ಕೊಬಯಾಶಿ’ ಹೆಸರು ಕಂಡಾಗ ಗೊತ್ತಾಯಿತು, ಎಡವಟ್ಟಾಗಿ ಇರಬೇಕಾದದ್ದೇ ಹಾಗೆ. ಅಂಥ ಮನುಷ್ಯ ಎಲ್ಲೂ ಇರುವುದಕ್ಕೆ ಸಾಧ್ಯವಿಲ್ಲ ಅಂತ ನಮಗೆ ಒಂದೂವರೆ ಗಂಟೆ ಕಾಲ ಸುಳಿವು ಕೊಡುತ್ತಲೇ ಇದ್ದಾರೆ. ನಾವು ನೋಡಲಿಲ್ಲ. (ನನ್ನ ಹೆಸರಿಗೂ ಆ ಲೋಟಕ್ಕೂ ಸಂಬಂಧ ಇದೆ, ಹೌದು.)

ಮಂಗಳವಾರಪೇಟೆ
ಅಯ್ಯೋ ಕಾಫಿಲೋಟ, ಕೊನೆ ಹೇಳಿಬಿಟ್ರಲ್ರೀ!

ಕಾಫಿಲೋಟ
ಮೂವತ್ತು ವರ್ಷ ಆಯಿತು ಮಾರಾಯ್ರೇ. ಇನ್ನೂ ಎಷ್ಟು ಕಾಯಲಿ?

ನಾಟಕದಹುಚ್ಚು
ಒಳ್ಳೇ ವಿಷಯ ತೆಗೆದಿರಿ ಹಳೇಟಾಕೀಸ್. ಆದರೆ ಸಿನಿಮಾದಿಂದ ಶುರು ಮಾಡಿದರೆ ಇವರ ಅರ್ಧ ಕತೆಯೇ ಸಿಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹುಟ್ಟಿದ್ದು 1946ರ ಫೆಬ್ರವರಿ 7ರಂದು, ವಾರಿಂಗ್ಟನ್‌ನಲ್ಲಿ. ಲಿವರ್‌ಪೂಲ್‌ಗೂ ಮ್ಯಾಂಚೆಸ್ಟರ್‌ಗೂ ನಡುವಿನ ಕಾರ್ಖಾನೆ ಊರು. ಕ್ಯಾಥೊಲಿಕ್ ಮನೆ, ದುಡಿಯುವ ಜನ. ಅಪ್ಪ ಮರದ ಪೀಪಾಯಿ ಮಾಡುತ್ತಿದ್ದವರು, ಆಮೇಲೆ ಶಾಲೆಯೊಂದನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಪೀಟ್ ಕೊನೇ ಮಗ. ಹುಡುಗ ಪಾದ್ರಿಯಾಗಲು ಹೊರಟು ಸೆಮಿನರಿ ಸೇರಿದ, ಅದು ಕೂಡಿ ಬರಲಿಲ್ಲ. ಲಂಡನ್ ಹತ್ತಿರ ಮೇಷ್ಟರ ತರಬೇತಿ ಮುಗಿಸಿ ಮ್ಯಾಂಚೆಸ್ಟರ್‌ನಲ್ಲಿ ಕಾನ್ವೆಂಟ್ ಹುಡುಗಿಯರಿಗೆ ನಾಟಕ ಹೇಳಿಕೊಟ್ಟರು. ಆಮೇಲೆ ಆ ಕೆಲಸವನ್ನೂ ಬಿಟ್ಟು ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆ. ಪಾದ್ರಿ, ಮೇಷ್ಟ್ರು, ನಟ. ಮೂರರಲ್ಲೂ ಜನರ ಮುಂದೆ ನಿಂತು ಮಾತಾಡಬೇಕು, ನೋಡಿ.

ಎಪ್ಪತ್ತರ ದಶಕದಲ್ಲಿ ಲಿವರ್‌ಪೂಲ್‌ನ ಎವ್ರಿಮನ್ ಥಿಯೇಟರ್ ಸೇರಿದರು. ಅಲ್ಲಿ ಜತೆಗಿದ್ದವರ ಹೆಸರು ಕೇಳಿ: ಜೂಲಿ ವಾಲ್ಟರ್ಸ್, ಬಿಲ್ ನೈ, ಜೊನಾಥನ್ ಪ್ರೈಸ್, ಆಂಟನಿ ಶೇರ್. ನಾಟಕ ಬರೆದುಕೊಡುತ್ತಿದ್ದವರು ವಿಲ್ಲಿ ರಸೆಲ್, ಅಲನ್ ಬ್ಲೀಸ್‌ಡೇಲ್. ಆಗ ಇವರಲ್ಲಿ ಯಾರಿಗೂ ಹೆಸರಿರಲಿಲ್ಲ. ಒಂದು ವ್ಯಾನ್ ಹತ್ತಿಕೊಂಡು ಪಬ್‌ಗಳಿಗೆ ಹೋಗಿ ನಾಟಕ ಆಡುತ್ತಿದ್ದರು. ಯೋಚನೆ ಮಾಡಿ, ಬಿಯರ್ ಕುಡಿಯಲು ಬಂದವನು ನಿಮ್ಮ ನಾಟಕ ಕೇಳಲೆಂದು ಬಂದಿಲ್ಲ. ಅವನನ್ನು ನಿಮ್ಮ ಕಡೆ ತಿರುಗಿಸಬೇಕು. ಬೋರಾದರೆ ಬಾಯಿಬಿಟ್ಟು ಹೇಳುತ್ತಾನೆ. ಪೀಟ್ ಆಮೇಲೆ ಮಾಡಿದ ಯಾವ ಪಾತ್ರದಲ್ಲೂ ‘ನಾನೊಬ್ಬ ನಟ, ನೋಡಿ’ ಅನ್ನುವ ಗತ್ತು ಇಲ್ಲದ್ದಕ್ಕೆ ಈ ಪಬ್‌ಗಳೇ ಕಾರಣ ಅನ್ನುವುದು ನನ್ನ ಅನಿಸಿಕೆ.

ಎಂಬತ್ತರ ದಶಕದಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ. 1982ರ ‘ಕಿಂಗ್ ಲಿಯರ್’ನಲ್ಲಿ ಮೈಕೆಲ್ ಗ್ಯಾಂಬನ್ ಲಿಯರ್, ಆಂಟನಿ ಶೇರ್ ವಿದೂಷಕ, ನಮ್ಮ ಪೀಟ್ ಕಾರ್ನ್‌ವಾಲ್. ಗ್ಲಾಸ್ಟರ್ ಅನ್ನುವ ಮುದುಕನ ಕಣ್ಣು ಕೀಳುವ, ಲಿಯರ್ ರಾಜನ ಅಳಿಯ ಇದ್ದಾನಲ್ಲ, ಅವನೇ. ಆಮೇಲೆ ‘ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಿ ಕತ್ತೆ ತಲೆಯ ಬಾಟಮ್. ಕಣ್ಣು ಕೀಳುವವನೂ ಇವರೇ, ಕತ್ತೆಯೂ ಇವರೇ.

ಗೊಣಗಪ್ಪ
ಇಷ್ಟೆಲ್ಲ ಮಾಡಿ ಕೊನೆಗೆ ಡೈನೋಸಾರ್ ಸಿನಿಮಾ.

ಹಳೇಟಾಕೀಸ್
ಗೊಣಗಪ್ಪ ಸರ್, ‘ಲಾಸ್ಟ್ ವರ್ಲ್ಡ್’ (1997) ನೋಡಿದ್ದೀರಾ? ಆ ಸಿನಿಮಾದಲ್ಲಿ ನೆನಪಿರುವ ಮನುಷ್ಯ ಅವರೊಬ್ಬರೇ. ಬೇಟೆಗಾರ ರೋಲಂಡ್ ಟೆಂಬೊ. ದುಡ್ಡು ಬೇಡ, ಟಿ-ರೆಕ್ಸ್ ಗಂಡನ್ನು ಹೊಡೆಯಲು ಬಿಡಿ ಸಾಕು ಅನ್ನುವವನು. ಅವನ ಗೆಳೆಯ ಅಜಯ್ ಅನ್ನುವವನು ಸತ್ತ ಮೇಲೆ ಸಾವಿನ ಸಹವಾಸ ಸಾಕು ಅಂದು ಹೊರಟುಬಿಡುತ್ತಾನೆ. ಕೂಗಾಟ ಇಲ್ಲ. ಬಂದೂಕು ಹಿಡಿದ ಖಳನಾಯಕ ಆಗಬೇಕಿದ್ದ ಪಾತ್ರ, ಇವರ ಕೈಗೆ ಸಿಕ್ಕಿ ಬೇರೇನೋ ಆಯಿತು.

ಸಬ್‌ಟೈಟಲ್ ಸುಬ್ಬಿ
ಸ್ಪಿಲ್‌ಬರ್ಗ್ ಇವರನ್ನು ಜಗತ್ತಿನಲ್ಲೇ ಅತ್ಯುತ್ತಮ ನಟ ಅಂದದ್ದು ಆಗಲೇ. ಅದೇ ವರ್ಷ ‘ಅಮಿಸ್ಟಾಡ್’ಗೂ ಕರೆದರು, ಸರ್ಕಾರಿ ವಕೀಲನ ಪಾತ್ರಕ್ಕೆ. ಆ ಹೊಗಳಿಕೆಗೆ ಪೀಟ್ ಕೊಟ್ಟ ಉತ್ತರ ಇನ್ನೂ ಚೆನ್ನಾಗಿದೆ. ಸ್ಪಿಲ್‌ಬರ್ಗ್ ನಿಜವಾಗಿ ಹೇಳಿದ್ದು ‘ಈ ಪೀಟ್ ಇದ್ದಾನಲ್ಲ, ತಾನೇ ಜಗತ್ತಿನ ಅತ್ಯುತ್ತಮ ನಟ ಅಂದುಕೊಂಡಿದ್ದಾನೆ’ ಅಂತ ಇರಬೇಕು ಅಂದರಂತೆ.

ಮಂಗಳವಾರಪೇಟೆ
‘ಇನ್ ದ ನೇಮ್ ಆಫ್ ದ ಫಾದರ್’ಗೆ ಆಸ್ಕರ್ ಬಂತಲ್ಲ ಇವರಿಗೆ?

ಸಬ್‌ಟೈಟಲ್ ಸುಬ್ಬಿ
ಇಲ್ಲ, ನಾಮನಿರ್ದೇಶನ ಅಷ್ಟೇ. 1994ರ ಸಮಾರಂಭ. ಪ್ರಶಸ್ತಿ ಹೋದದ್ದು ‘ಫ್ಯುಜಿಟಿವ್’ನ ಟಾಮಿ ಲೀ ಜೋನ್ಸ್‌ಗೆ. ಆ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು, ಚಿಕ್ಕ ಹುಡುಗ ಲಿಯೊನಾರ್ಡೊ ಡಿಕ್ಯಾಪ್ರಿಯೊ. ಎರಡು ವರ್ಷದ ಮೇಲೆ ‘ರೋಮಿಯೊ + ಜೂಲಿಯೆಟ್’ನಲ್ಲಿ ಅದೇ ಹುಡುಗ ರೋಮಿಯೊ, ಪೀಟ್ ಅವನಿಗೆ ಮದುವೆ ಮಾಡಿಸುವ ಪಾದ್ರಿ. 2010ರಲ್ಲಿ ಮತ್ತೆ ‘ಇನ್‌ಸೆಪ್ಷನ್’. ಇದನ್ನು ಮಗಳಿಗೆ ಹೇಳಿ ಹಳೇಟಾಕೀಸ್ ಸರ್, ಖುಷಿಪಡುತ್ತಾಳೆ.

ಹಳೇಟಾಕೀಸ್
ಇದು ನನಗೇ ಹೊಳೆದಿರಲಿಲ್ಲ! ಈಗ ನೀವು ಪಾದ್ರಿ ಅಂದ ಕೂಡಲೇ ತಲೆಯಲ್ಲಿ ಒಂದು ಗಂಟೆ ಹೊಡೀತು. ಈ ಮನುಷ್ಯ ಮಾಡಿದ್ದೆಲ್ಲ ಅಪ್ಪಂದಿರನ್ನೇ. ಎಣಿಸಿ ನೋಡಿ.

‘ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ (1988) ಚಿತ್ರದಲ್ಲಿ ಹೆಂಡತಿ ಮಕ್ಕಳನ್ನು ಹೊಡೆಯುವ ಅಪ್ಪ. ‘ಇನ್ ದ ನೇಮ್ ಆಫ್ ದ ಫಾದರ್’ (1993) ಚಿತ್ರದಲ್ಲಿ ಮಗನ ಜತೆ ಜೈಲಿಗೆ ಹೋಗುವ ಅಪ್ಪ. ‘ಬ್ರಾಸ್ಡ್ ಆಫ್’ನಲ್ಲಿ (1996) ಗಣಿ ಊರಿನ ಬ್ಯಾಂಡ್ ಮೇಷ್ಟ್ರು, ಅಲ್ಲೂ ಒಬ್ಬ ಮಗ ಇದ್ದಾನೆ. ‘ಇನ್‌ಸೆಪ್ಷನ್’ನಲ್ಲಿ ಮತ್ತೆ ಅಪ್ಪ. ಪಾದ್ರಿಯನ್ನೂ ಫಾದರ್ ಅಂತಾರಲ್ಲ, ಅದನ್ನೂ ಸೇರಿಸಿಕೊಳ್ಳಿ, 2006ರ ‘ಓಮೆನ್’ನಲ್ಲೂ ಫಾದರ್ ಬ್ರೆನನ್. ಪಾದ್ರಿಯಾಗಲು ಹೋಗಿ ವಾಪಸ್ ಬಂದವರು ಆ ನಿಲುವಂಗಿಯನ್ನು ಕ್ಯಾಮೆರಾ ಮುಂದೆ ಹಾಕಿಕೊಂಡರು.

ಇಂಥ ನಟರನ್ನು ಕನ್ನಡದಲ್ಲಿ ಪೋಷಕ ನಟ ಅಂತೀವಿ. ಸ್ಕೂಲಲ್ಲಿ ಪೋಷಕರ ಸಭೆ ಅಂತಲೂ ಅಂತೀವಿ. ಇಷ್ಟು ವರ್ಷ ಎರಡೂ ಒಂದೇ ಪದ ಅಂತ ನನಗೆ ತಟ್ಟಿರಲೇ ಇಲ್ಲ.

ನಾಟಕದಹುಚ್ಚು
ಆಹಾ. ಇದು ಇಂಗ್ಲಿಷಿನವರಿಗೆ ಸಿಗುವುದಿಲ್ಲ ಬಿಡಿ.

1988ರ ಆ ಚಿತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ನಿರ್ದೇಶಕ ಟೆರೆನ್ಸ್ ಡೇವೀಸ್ ಲಿವರ್‌ಪೂಲ್‌ನ ತನ್ನದೇ ಮನೆಯ ಕತೆ ಮಾಡಿದ್ದು. ನಲವತ್ತು ಐವತ್ತರ ದಶಕ. ಒಂದು ಕ್ರಿಸ್‌ಮಸ್ ಬರುತ್ತದೆ. ರಾತ್ರಿ ಅಪ್ಪ ಮೆಲ್ಲಗೆ ಬಂದು ಮಲಗಿರುವ ಮಕ್ಕಳನ್ನು ನೋಡುತ್ತಾನೆ, ಉಡುಗೊರೆ ಇಡುತ್ತಾನೆ, ದೇವರು ಒಳ್ಳೇದು ಮಾಡಲಿ ಅನ್ನುತ್ತಾನೆ. ಮುಖದಲ್ಲಿ ಎಂಥ ಮಮತೆ ಅಂದರೆ ಹಿಂದಿನದೆಲ್ಲ ಮರೆತೇ ಹೋಗುತ್ತದೆ. ಮುಂದಿನ ದೃಶ್ಯದಲ್ಲಿ ಊಟದ ಮೇಜು. ಮಕ್ಕಳು ಸುತ್ತ ಕೂತಿದ್ದಾರೆ. ಅಪ್ಪ ಮೇಜಿನ ಬಟ್ಟೆಯನ್ನು ಒಂದೇ ಸಲ ಎಳೆದು ತಟ್ಟೆ ಲೋಟ ಎಲ್ಲ ನೆಲಕ್ಕೆ ಹಾಕುತ್ತಾನೆ. ಯಾಕೆ? ಹೇಳುವುದಿಲ್ಲ. ಸಿನಿಮಾ ಕೊನೆಯವರೆಗೂ ಹೇಳುವುದಿಲ್ಲ.

ಸಾಮಾನ್ಯ ನಟ ಆಗಿದ್ದರೆ ಮೊದಲ ದೃಶ್ಯದಲ್ಲೇ ಎರಡನೆಯದರ ವಾಸನೆ ಬರುವ ಹಾಗೆ ಮಾಡುತ್ತಿದ್ದ. ಹುಬ್ಬು ಗಂಟು, ಹಲ್ಲು ಕಡಿತ, ಹೀಗೆ ಏನೋ ಒಂದು. ಪೀಟ್ ಹಾಗೆ ಮಾಡಲಿಲ್ಲ. ಮಮತೆಯೂ ನಿಜ, ರಾಕ್ಷಸತನವೂ ನಿಜ. ಅಂಥ ಅಪ್ಪಂದಿರ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಅದು ಹಾಗೇ ಇರುತ್ತದೆ. ಹೆಜ್ಜೆ ಸಪ್ಪಳ ಕೇಳಿದಾಗ ಈ ಹೊತ್ತು ಬರುತ್ತಿರುವುದು ಯಾವ ಅಪ್ಪ ಅಂತ ಗೊತ್ತಾಗುವುದಿಲ್ಲ.

ಮಂಗಳವಾರಪೇಟೆ
ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಸ್ಕೂಟರ್ ಸದ್ದು. ಸ್ಟ್ಯಾಂಡ್ ಹಾಕುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಇರಲಿ. ಮುಂದೆ ಹೇಳಿ.

ನಾಟಕದಹುಚ್ಚು
ಕ್ಷಮಿಸಿ ಮೇಡಂ, ನೋಯಿಸಬೇಕು ಅಂತ ಬರೆದದ್ದಲ್ಲ.

ಮಂಗಳವಾರಪೇಟೆ
ಗೊತ್ತು. ಸಿನಿಮಾ ನೋಡುತ್ತೇನೋ ಇಲ್ಲವೋ, ಬರೆದದ್ದು ಒಳ್ಳೇದಾಯಿತು.

ಗೊಣಗಪ್ಪ
ನನಗೆ ಇನ್ನೊಂದು ಅಪ್ಪನ ಬಗ್ಗೆ ತಕರಾರಿದೆ. ‘ಇನ್ ದ ನೇಮ್ ಆಫ್ ದ ಫಾದರ್’ ನಿಜ ಘಟನೆ ಅಂತೀರಿ. ಅಪ್ಪ ಮಗ ಒಂದೇ ಸೆಲ್‌ನಲ್ಲಿ ವರ್ಷಗಟ್ಟಲೆ ಇರುತ್ತಾರೆ. ನಿಜದಲ್ಲಿ ಹಾಗೆ ಇರಲೇ ಇಲ್ಲ. ಇಡೀ ಸಿನಿಮಾ ನಿಂತಿರುವುದೇ ಆ ಸುಳ್ಳಿನ ಮೇಲೆ.

ಸಬ್‌ಟೈಟಲ್ ಸುಬ್ಬಿ
ಅದು ಸುಳ್ಳೇ, ಒಪ್ಪುತ್ತೇನೆ. ನಿಜ ಏನು ಅಂತ ಗೊತ್ತಿಲ್ಲದವರಿಗೆ: 1974ರ ಅಕ್ಟೋಬರಿನಲ್ಲಿ ಗಿಲ್ಡ್‌ಫರ್ಡ್‌ನ ಪಬ್‌ಗಳಲ್ಲಿ ಬಾಂಬ್ ಸಿಡಿದು ಐವರು ಸತ್ತರು. ಬೆಲ್‌ಫಾಸ್ಟ್‌ನ ಹುಡುಗ ಜೆರ್ರಿ ಕಾನ್ಲನ್ ಸೇರಿ ನಾಲ್ವರನ್ನು ಹಿಡಿದು ತಪ್ಪೊಪ್ಪಿಗೆ ಬರೆಸಿಕೊಂಡರು. ಮಗನಿಗೆ ಸಹಾಯ ಮಾಡಲು ಇಂಗ್ಲೆಂಡಿಗೆ ಬಂದ ಅಪ್ಪ ಜುಸೆಪ್ಪೆಯನ್ನೂ ಹಿಡಿದು ಹಾಕಿದರು. ಶ್ವಾಸಕೋಶದ ಕಾಯಿಲೆಯ ಮನುಷ್ಯ, 1980ರ ಜನವರಿಯಲ್ಲಿ ಕೈದಿಯಾಗಿಯೇ ತೀರಿಕೊಂಡರು. ಮಗ ಬಿಡುಗಡೆಯಾಗಿದ್ದು 1989ರಲ್ಲಿ. ಅಪ್ಪನ ಮೇಲಿನ ತೀರ್ಪು ರದ್ದಾಗಿದ್ದು 1991ರಲ್ಲಿ, ಸತ್ತು ಹನ್ನೊಂದು ವರ್ಷವಾದ ಮೇಲೆ.

ಸೆಲ್ ಒಂದೇ ಮಾಡಿದ್ದು ನಿರ್ದೇಶಕ ಜಿಮ್ ಶೆರಿಡನ್ ತೆಗೆದುಕೊಂಡ ಸ್ವಾತಂತ್ರ್ಯ. ಅದು ಸರಿಯೋ ತಪ್ಪೋ ಬೇರೆ ಮಾತು. ಆದರೆ ಆ ಸೆಲ್‌ನೊಳಗೆ ಪೀಟ್ ಏನು ಮಾಡುತ್ತಾರೆ ನೋಡಿ. ಮಗನಾಗಿ ಡೇನಿಯಲ್ ಡೇ ಲೂಯಿಸ್ ಇದ್ದಾರೆ. ಕೂಗುತ್ತಾರೆ, ಅಳುತ್ತಾರೆ, ಗೋಡೆಗೆ ಗುದ್ದುತ್ತಾರೆ. ಎದುರಿಗೆ ಈ ಮನುಷ್ಯ ಜಪಮಾಲೆ ಹಿಡಿದು, ಹೆಂಡತಿಗೆ ಕಾಗದ ಬರೆದು, ಕೆಮ್ಮಿಕೊಂಡು ಕೂತಿರುತ್ತಾನೆ. ನಮಗೂ ಮೊದಲರ್ಧ ಗಂಟೆ ಈ ಅಪ್ಪನ ಮೇಲೆ ಸಿಟ್ಟೇ ಬರುತ್ತದೆ, ಇಷ್ಟು ಮೆತ್ತಗಿದ್ದರೆ ಹೇಗೆ ಅಂತ. ಆ ಸಿಟ್ಟು ಯಾವ ದೃಶ್ಯದಲ್ಲಿ ಗೌರವವಾಯಿತು ಅಂತ ಹುಡುಕಿದರೆ ಸಿಗುವುದಿಲ್ಲ. ನಾನು ಎರಡು ಸಲ ಹುಡುಕಿದ್ದೇನೆ.

ಕಾಫಿಲೋಟ
ಇಬ್ಬರೂ ಬ್ರಿಸ್ಟಲ್ ಓಲ್ಡ್ ವಿಕ್ ಶಾಲೆಯವರೇ ಅಲ್ವಾ? ‘ಲಾಸ್ಟ್ ಆಫ್ ದ ಮೊಹಿಕನ್ಸ್’ನಲ್ಲೂ (1992) ಒಟ್ಟಿಗೆ ಇದ್ದರು, ಪೀಟ್‌ದು ಚಿಕ್ಕ ಪಾತ್ರ. ಅದೇ ವರ್ಷ ‘ಏಲಿಯನ್ 3’ರಲ್ಲಿ ಬೋಳು ತಲೆ ಕೈದಿಗಳ ನಡುವೆ ಒಬ್ಬ. ನಲವತ್ತಾರು ವರ್ಷಕ್ಕೆ ಹಾಲಿವುಡ್‌ನಲ್ಲಿ ಗುಂಪಿನಲ್ಲಿ ಗೋವಿಂದ. ನಲವತ್ತೆಂಟಕ್ಕೆ ಆಸ್ಕರ್ ಪಟ್ಟಿ.

ಮಂಗಳವಾರಪೇಟೆ
ಖಳನಾಯಕನಾಗಿ ಏನೂ ಮಾಡಿಲ್ವಾ? ಆ ಮುಖಕ್ಕೆ ಸುಮ್ನೆ ಬಿಟ್ಟಿರಲಾರರು.

ಕಾಫಿಲೋಟ
ಮಾಡಿದ್ದಾರೆ, ಟಿ.ವಿ.ಯಲ್ಲಿ. ‘ಶಾರ್ಪ್’ ಅಂತ ನೆಪೋಲಿಯನ್ ಕಾಲದ ಯುದ್ಧದ ಧಾರಾವಾಹಿ, ಶಾನ್ ಬೀನ್ ನಾಯಕ. ಅದರಲ್ಲಿ ಸಾರ್ಜೆಂಟ್ ಹೇಕ್ಸ್‌ವಿಲ್ (1994). ಚಿಕ್ಕವನಿದ್ದಾಗ ನೇಣಿಗೆ ಹಾಕಿದರೂ ಬದುಕಿ ಉಳಿದವನು, ಅದಕ್ಕೇ ತನ್ನನ್ನು ಯಾರೂ ಸಾಯಿಸಲಾರರು ಅಂತ ನಂಬಿಕೆ. ಟೋಪಿಯೊಳಗೆ ತಾಯಿಯ ಚಿತ್ರ ಇಟ್ಟುಕೊಂಡು ಅದರ ಜತೆ ಮಾತಾಡುತ್ತಾನೆ. ರಾತ್ರಿ ಒಬ್ಬರೇ ನೋಡಬೇಡಿ. ಅಂದರೆ ಆಸ್ಕರ್ ಪಟ್ಟಿಯಲ್ಲಿ ಆ ಸಾಧು ಅಪ್ಪ, ಅದೇ ವರ್ಷ ಟಿ.ವಿ.ಯಲ್ಲಿ ಈ ಹುಳ.

ಚಾಂಪಿಯನ್‌ರೀಫ್
ತಡವಾಗಿ ಬಂದೆ. ‘ಬ್ರಾಸ್ಡ್ ಆಫ್’ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಹೆಸರು ನೋಡಿದರೆ ನಿಮಗೆ ನನ್ನ ಊರು ತಿಳಿಯುತ್ತದೆ. ಕೆ.ಜಿ.ಎಫ್. ನಮ್ಮ ತಾತ ಗಣಿಯೊಳಗೆ ಇಳಿದವರು, ಅಪ್ಪನೂ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಈ ಸಿನಿಮಾ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಕಲ್ಲಿದ್ದಲು ಗಣಿ ಊರಿನದು. ಹೆಸರು ಗ್ರಿಮ್ಲಿ ಅಂತ ಇಟ್ಟಿದ್ದಾರೆ, ಅದರ ಹಿಂದೆ ಇರುವುದು ಗ್ರೈಮ್‌ತೋರ್ಪ್ ಅನ್ನುವ ನಿಜವಾದ ಊರು. ಗಣಿ ಕೆಲಸಗಾರರದೇ ಒಂದು ಬ್ಯಾಂಡ್. 1992ರ ಅಕ್ಟೋಬರಿನಲ್ಲಿ ಸರ್ಕಾರ ಗಣಿಗಳನ್ನು ಮುಚ್ಚುವ ಸುದ್ದಿ ಹೇಳಿತು. ಅದಾದ ಕೆಲವೇ ದಿನಕ್ಕೆ ಗ್ರೈಮ್‌ತೋರ್ಪ್ ಬ್ಯಾಂಡ್ ಲಂಡನ್‌ನ ಆಲ್ಬರ್ಟ್ ಹಾಲ್‌ನಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದಿತು. ಮಾರನೇ ವರ್ಷ ಗಣಿ ಮುಚ್ಚಿತು. ಸಿನಿಮಾದಲ್ಲಿ ಕೇಳಿಸುವುದು ಆ ಬ್ಯಾಂಡಿನವರದೇ ವಾದನ.

ಪೀಟ್ ಇದರಲ್ಲಿ ಡ್ಯಾನಿ, ಬ್ಯಾಂಡ್ ನಡೆಸುವವನು. ಅವನಿಗೆ ಸಂಗೀತ ಒಂದೇ ಲೋಕ. ಹುಡುಗರ ಮನೆಯಲ್ಲಿ ಅಕ್ಕಿ ಬೇಳೆ ಇಲ್ಲದಿದ್ದರೂ ಅವನ ಚಿಂತೆ ಅಭ್ಯಾಸಕ್ಕೆ ಯಾರು ಬಂದಿಲ್ಲ ಅನ್ನುವುದು. ಸಾಲದಲ್ಲಿ ಮುಳುಗಿದ ಸ್ವಂತ ಮಗನ ಕಷ್ಟವೂ ಕಾಣುವುದಿಲ್ಲ. ಒಳ್ಳೆಯವನೇ, ಆದರೆ ಕುರುಡ. ಎದೆಯೊಳಗೆ ಗಣಿಯ ದೂಳು ತುಂಬಿದೆ. ಒಂದು ದಿನ ಬಿದ್ದು ಆಸ್ಪತ್ರೆ ಸೇರುತ್ತಾನೆ. ರಾತ್ರಿ ಬ್ಯಾಂಡಿನವರೆಲ್ಲ ಗಣಿಯ ಹೆಲ್ಮೆಟ್ ಹಾಕಿಕೊಂಡು, ಹಣೆಯ ದೀಪ ಹಚ್ಚಿಕೊಂಡು ಆಸ್ಪತ್ರೆಯ ಅಂಗಳದಲ್ಲಿ ನಿಂತು ಅವನಿಗಾಗಿ ನುಡಿಸುತ್ತಾರೆ. ಇದನ್ನು ನಮ್ಮಪ್ಪನ ಜತೆ ನೋಡಿದೆ. ಅವರಿಗೆ ಇಂಗ್ಲಿಷ್ ಸಿನಿಮಾ ಅಂದರೆ ಅಷ್ಟಕ್ಕಷ್ಟೆ. ಆ ಕೆಮ್ಮು ಕೇಳಿದ ಕೂಡಲೇ ಪೇಪರ್ ಮಡಿಸಿಟ್ಟು ಕೂತರು. ‘ಇದು ಹೊಗೆಬತ್ತಿ ಕೆಮ್ಮಲ್ಲ, ಒಳಗಿನ ಕೆಮ್ಮು’ ಅಂದರು. ನಟನಿಗೆ ಇದಕ್ಕಿಂತ ಬೇರೆ ಸರ್ಟಿಫಿಕೇಟ್ ಬೇಕಾ?

ಸಬ್‌ಟೈಟಲ್ ಸುಬ್ಬಿ
ಬೇಡ.

ನಾಟಕದಹುಚ್ಚು
ಕೊನೆಯ ಭಾಷಣ? ಕಪ್ ಗೆದ್ದ ಮೇಲೆ ಡ್ಯಾನಿ ಮೈಕಿನ ಮುಂದೆ ಬಂದು ನಮಗೆ ಈ ಕಪ್ ಬೇಡ ಅನ್ನುತ್ತಾನಲ್ಲ? ಸಂಗೀತವೇ ದೊಡ್ಡದು ಅಂದುಕೊಂಡಿದ್ದೆ, ಮನುಷ್ಯರ ಮುಂದೆ ಅದು ಏನೂ ಅಲ್ಲ ಅನ್ನುವ ಅರ್ಥದ ಮಾತು. ಮರುವರ್ಷ ಚುಂಬಾವಾಂಬಾ ಅನ್ನುವ ಬ್ಯಾಂಡ್ ‘ಟಬ್‌ಥಂಪಿಂಗ್’ ಹಾಡಿನ ಆಲ್ಬಮ್ ಆವೃತ್ತಿಯ ಶುರುವಿನಲ್ಲಿ ಆ ದನಿಯನ್ನೇ ಹಾಕಿಕೊಂಡಿತು. ಬಿದ್ದರೂ ಮತ್ತೆ ಏಳುತ್ತೇನೆ ಅಂತ ಕಾಲೇಜ್ ಡೇಗಳಲ್ಲಿ ಕುಣಿದೆವಲ್ಲ, ಅದೇ ಹಾಡು.

ಮಂಗಳವಾರಪೇಟೆ
ಅದಾ!! ಆ ಹಾಡಿಗೆ ನಾನೂ ಕುಣಿದಿದ್ದೀನಿ. ಮೊದಲು ಒಬ್ಬ ಮುದುಕ ಏನೋ ಗೊಣಗುತ್ತಾನೆ ಅಂತ ಮುಂದಕ್ಕೆ ಓಡಿಸುತ್ತಿದ್ದೆವು.

ಗೊಣಗಪ್ಪ
ಗೊಣಗುವವರನ್ನು ಮುಂದಕ್ಕೆ ಓಡಿಸಬಾರದು ಮೇಡಂ.

ಸರಿ, ಈಗ ನನ್ನ ದೊಡ್ಡ ತಕರಾರು. ಸಿನಿಮಾದಲ್ಲಿ ಕಲ್ಲಿದ್ದಲು ಗಣಿ ಮುಚ್ಚಿದರು ಅಂತ ಕಣ್ಣೀರು. ಹದಿಮೂರು ವರ್ಷ ಕಳೆದ ಮೇಲೆ, 2009ರಲ್ಲಿ, ಇದೇ ಪೀಟ್ ಕಲ್ಲಿದ್ದಲು ಸ್ಥಾವರ ಕಟ್ಟಬೇಡಿ ಅಂತ ಬೀದಿಗೆ ಬಂದರು. ಕೆಂಟ್ ಪ್ರಾಂತ್ಯದ ಕಿಂಗ್ಸ್‌ನಾರ್ತ್‌ನಲ್ಲಿ ಹೊಸ ಸ್ಥಾವರಕ್ಕೆ ಒಪ್ಪಿಗೆ ಕೊಟ್ಟರೆ 2004ರಲ್ಲಿ ಸರ್ಕಾರ ಕೊಟ್ಟ ಒ.ಬಿ.ಇ. ಗೌರವ ವಾಪಸ್ ಮಾಡುತ್ತೇನೆ ಅಂತ ಇಂಧನ ಮಂತ್ರಿ ಎಡ್ ಮಿಲಿಬ್ಯಾಂಡ್ ಎದುರಿಗೇ ಹೇಳಿದರು. ‘ಏಜ್ ಆಫ್ ಸ್ಟುಪಿಡ್’ ಅನ್ನುವ ಹವಾಮಾನದ ಸಿನಿಮಾದ ಪ್ರದರ್ಶನದಲ್ಲಿ. ಅದರಲ್ಲಿ 2055ರಲ್ಲಿ ಒಬ್ಬಂಟಿಯಾಗಿ ಉಳಿದ ಮುದುಕನ ಪಾತ್ರ ಇವರದು. ಯಾವ ಡ್ಯಾನಿಯನ್ನು ನಂಬಲಿ?

ಸಬ್‌ಟೈಟಲ್ ಸುಬ್ಬಿ
ನೀವು ಇಷ್ಟೆಲ್ಲ ತಿಳಿದುಕೊಂಡು ಏನೂ ಇಷ್ಟವಿಲ್ಲದವರ ಹಾಗೆ ನಾಟಕ ಆಡುತ್ತೀರಿ, ಗೊಣಗಪ್ಪನವರೇ.

ಅದರ ಮುಂದಿನ ತಿಂಗಳೇ ಸರ್ಕಾರ ಹೊಸ ಕಲ್ಲಿದ್ದಲು ಸ್ಥಾವರಗಳ ನಿಯಮ ಬಿಗಿ ಮಾಡಿತು, ಆ ವರ್ಷ ಮುಗಿಯುವುದರೊಳಗೆ ಕಿಂಗ್ಸ್‌ನಾರ್ತ್ ಯೋಜನೆ ಮೂಲೆ ಸೇರಿತು. ಒ.ಬಿ.ಇ. ವಾಪಸ್ ಕೊಡುವ ಪ್ರಸಂಗ ಬರಲಿಲ್ಲ. ಮಾತಿಗೆ ತಕ್ಕ ಹಾಗೆ ಶ್ರಾಪ್‌ಶೈರ್‌ನ ತಮ್ಮ ಮನೆಯಲ್ಲಿ ಗಾಳಿ ಯಂತ್ರವನ್ನೂ ನಿಲ್ಲಿಸಿದ್ದರು.

ಚಾಂಪಿಯನ್‌ರೀಫ್
ಗೊಣಗಪ್ಪ ಸರ್, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಮ್ಮೂರಲ್ಲಿ ಗಣಿ ಮುಚ್ಚಬಾರದು ಅಂತ ಕೂತವರು ಯಾರೂ ಚಿನ್ನದ ಮೇಲಿನ ಪ್ರೀತಿಗೆ ಕೂತಿರಲಿಲ್ಲ. ಚಿನ್ನ ನಮ್ಮ ಮನೆಗೆ ಬಂದಿದ್ದೇ ಕಡಿಮೆ. ಸಂಬಳ, ಕ್ವಾರ್ಟರ್ಸು, ಪಕ್ಕದ ಮನೆಯವರು, ಅದಕ್ಕೆ ಕೂತಿದ್ದು. ಡ್ಯಾನಿ ಆ ಭಾಷಣದಲ್ಲಿ ಕಲ್ಲಿದ್ದಲನ್ನು ಹೊಗಳುವುದಿಲ್ಲ. ಅವನ ಎದೆಯಲ್ಲಿರುವುದೇ ಆ ದೂಳು. ಜನರನ್ನು ಬಿಸಾಡಿದಿರಿ ಅನ್ನುತ್ತಾನೆ, ಅಷ್ಟೇ. 2009ರಲ್ಲಿ ಹೇಳಿದ್ದೂ ಅದೇ ಅಲ್ವಾ, ಮುಂದೆ ಬರುವವರನ್ನು ಬಿಸಾಡಬೇಡಿ ಅಂತ?

ಗೊಣಗಪ್ಪ
ಹ್ಞೂಂ. ಯೋಚನೆ ಮಾಡ್ತೀನಿ. (ಒಪ್ಪಿದೆ ಅಂತಲ್ಲ.)

ಮರ್ಸಿನದಿ
ಎಲ್ಲರಿಗೂ ನಮಸ್ಕಾರ. ಹುಟ್ಟೂರು ಹಾಸನ, 2006ರಿಂದ ಲಿವರ್‌ಪೂಲ್‌ನಲ್ಲಿ ಇದ್ದೇನೆ. ಇಲ್ಲಿ ಸುಮ್ನೆ ಓದುತ್ತಿದ್ದೆ, ಲಿಯರ್ ವಿಷಯ ಬಂದ ಮೇಲೆ ತಡೆಯಲಾಗಲಿಲ್ಲ. ಪೀಟ್ ಸ್ವತಃ ಲಿಯರ್ ಆಗಿದ್ದನ್ನು ನಾನು ನೋಡಿದ್ದೇನೆ.

2008ರಲ್ಲಿ ಲಿವರ್‌ಪೂಲ್ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಗಿತ್ತು. ಆ ವರ್ಷ ಪೀಟ್ ತಾನು ಶುರು ಮಾಡಿದ ಎವ್ರಿಮನ್‌ಗೇ ವಾಪಸ್ ಬಂದು ‘ಕಿಂಗ್ ಲಿಯರ್’ ಮಾಡಿದರು. ನಿರ್ದೇಶಕ ರೂಪರ್ಟ್ ಗೂಲ್ಡ್. ನನಗೆ ಶೇಕ್ಸ್‌ಪಿಯರ್ ಅಷ್ಟೇನೂ ಗೊತ್ತಿರಲಿಲ್ಲ. ಆಫೀಸಿನ ಗೆಳತಿಗೆ ಎರಡು ಟಿಕೆಟ್ ಸಿಕ್ಕಿತ್ತು, ಹೋದೆ. ಎತ್ತರದ ರಾಜ ಬರುತ್ತಾನೆ ಅಂದುಕೊಂಡಿದ್ದೆ. ಬಂದದ್ದು ನಿವೃತ್ತಿಯಾದ ಫೋರ್‌ಮನ್ ಥರದ ಒಬ್ಬ ಯಜಮಾನ. ಮೂರು ಹೆಣ್ಣುಮಕ್ಕಳಿಗೆ ಆಸ್ತಿ ಪಾಲು ಮಾಡಲು ಕೂತ, ಜಂಬದ, ಸ್ವಲ್ಪ ತಮಾಷೆಯ ಅಪ್ಪ. ನಮ್ಮ ದೊಡ್ಡಪ್ಪ ತೋಟ ಪಾಲು ಮಾಡಿದ ದಿನ ನೆನಪಾಯಿತು. ‘ಯಾರಿಗೆ ನನ್ನ ಮೇಲೆ ಜಾಸ್ತಿ ಪ್ರೀತಿ ಹೇಳಿ’ ಅಂತ ದೊಡ್ಡಪ್ಪ ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ಪತ್ರಿಕೆಗಳಲ್ಲಿ ಆ ನಾಟಕಕ್ಕೆ ಒಳ್ಳೇ ವಿಮರ್ಶೆ ಬರಲಿಲ್ಲ. ಪೀಟ್ ಚೆನ್ನಾಗಿದ್ದಾರೆ, ನಿರ್ದೇಶಕರ ಆಟ ಜಾಸ್ತಿಯಾಯಿತು ಅಂದವರೇ ಹೆಚ್ಚು. 2009ರಲ್ಲಿ ಅದನ್ನು ತಿದ್ದಿ ಲಂಡನ್‌ನ ಯಂಗ್ ವಿಕ್‌ಗೆ ಒಯ್ದರು. ಅರುವತ್ತು ದಾಟಿದ ಮೇಲೆ, ಹಾಲಿವುಡ್ ಹೆಸರು ಬಂದ ಮೇಲೆ, ಬೈಸಿಕೊಂಡ ನಾಟಕವನ್ನು ಬಿಟ್ಟು ಹೋಗದೆ ಮತ್ತೆ ರಿಹರ್ಸಲ್‌ಗೆ ಕೂರುವುದು ಎಲ್ಲರಿಂದ ಆಗುತ್ತದಾ?

ನಾಟಕದಹುಚ್ಚು
ಮರ್ಸಿನದಿಯವರೇ, ಹೊಟ್ಟೆಕಿಚ್ಚು ಆಗ್ತಿದೆ. 1982ರಲ್ಲಿ ಕಾರ್ನ್‌ವಾಲ್, 26 ವರ್ಷದ ಮೇಲೆ ಲಿಯರ್. ಅದಕ್ಕೂ ಮೊದಲು ‘ಸ್ಕಾರಮೂಶ್ ಜೋನ್ಸ್’ ಅನ್ನುವ ಒಬ್ಬರೇ ಆಡುವ ನಾಟಕವನ್ನೂ ಇದೇ ಗೂಲ್ಡ್ ಮಾಡಿಸಿದ್ದರು. ನೂರು ವರ್ಷದ ಕೋಡಂಗಿ, 1999ರ ಡಿಸೆಂಬರ್ 31ರ ರಾತ್ರಿ ತನ್ನ ಬದುಕಿನ ಕತೆ ಹೇಳುತ್ತಾನೆ. ಅದನ್ನು ದೇಶ ದೇಶ ತಿರುಗಿ ಆಡಿದರು. ನನ್ನ ಪಾಲಿಗೆ ಅದು ನೋಡದೇ ಹೋದ ನಾಟಕ.

ಆ ಹಳೇ ಥಿಯೇಟರ್ ಈಗ ಇದೆಯಾ?

ಮರ್ಸಿನದಿ
ಹಳೇ ಕಟ್ಟಡ ಇಲ್ಲ. 2011ರಲ್ಲಿ ಮುಚ್ಚಿ ಕೆಡವಿದರು. ಅದೇ ಜಾಗದಲ್ಲಿ, ಹೋಪ್ ಸ್ಟ್ರೀಟ್‌ನಲ್ಲಿ, 2014ರಲ್ಲಿ ಹೊಸದು ತೆರೆಯಿತು. ಮುಂಭಾಗದಲ್ಲಿ ಲೋಹದ ಹಲಗೆಗಳ ಮೇಲೆ ಲಿವರ್‌ಪೂಲ್‌ನ 105 ಜನರ ಆಳೆತ್ತರದ ಚಿತ್ರ ಕೊರೆದಿದ್ದಾರೆ. ಸಿನಿಮಾದವರಲ್ಲ, ಬೀದಿಯಲ್ಲಿ ಓಡಾಡುವ ಸಾಮಾನ್ಯ ಜನ. ಬಸ್ಸಿನಲ್ಲಿ ಹೋಗುವಾಗ ನೋಡುತ್ತೇನೆ, ಅವರ ನಡುವೆ ಪೀಟ್ ನಿಂತಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಕಾಫಿಲೋಟ
ಕೊನೆಯ ವರ್ಷದ ಬಗ್ಗೆ ಒಂದು ಮಾತು. 2010ರಲ್ಲಿ ಮೂರು ದೊಡ್ಡ ಸಿನಿಮಾ ಬಂದವು: ‘ಕ್ಲಾಶ್ ಆಫ್ ದ ಟೈಟನ್ಸ್’, ‘ಇನ್‌ಸೆಪ್ಷನ್’, ‘ದ ಟೌನ್’. ಕೊನೆಯದರಲ್ಲಿ ಹೂವಿನ ಅಂಗಡಿ ಇಟ್ಟುಕೊಂಡ ದರೋಡೆಕೋರರ ದಣಿ. ಗುಲಾಬಿಯ ಮುಳ್ಳು ಕತ್ತರಿಸುತ್ತಾ ಎದುರಿಗಿದ್ದವನಿಗೆ ಬೆದರಿಕೆ ಹಾಕುವ ದೃಶ್ಯ ಇದೆ, ದನಿ ಒಂದು ಚೂರೂ ಏರುವುದಿಲ್ಲ. ಆಗ ಕ್ಯಾನ್ಸರ್‌ನಿಂದ ಸೊರಗಿದ್ದರು. ಆ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ನಾಮನಿರ್ದೇಶನ ಬಂದಾಗ ಅವರೇ ಇರಲಿಲ್ಲ.

ಗೊಣಗಪ್ಪ
‘ಟೈಟನ್ಸ್’ನಲ್ಲೂ ಅಪ್ಪನೇ. ಮೀನುಗಾರ, ಸಮುದ್ರದಲ್ಲಿ ಸಿಕ್ಕ ಕೂಸನ್ನು ಸಾಕಿಕೊಂಡವನು. ನಿಮ್ಮ ಪಟ್ಟಿಗೆ ಸೇರಿಸಿ ಹಳೇಟಾಕೀಸ್. ಸಾಕಪ್ಪ ಅಂದರೆ ಅಪ್ಪಟ ಪೋಷಕ.

ಹಳೇಟಾಕೀಸ್
ಗೊಣಗಪ್ಪ ಸರ್ ಕಡೆಯಿಂದಲೇ ಬಂತಲ್ಲ! ಸೇರಿಸಿದೆ.

ಎಲ್ಲರಿಗೂ ಹೇಳಬೇಕು, ನಿನ್ನೆ ಶನಿವಾರ ರಾತ್ರಿ ಮಗಳಿಗೆ ‘ಬ್ರಾಸ್ಡ್ ಆಫ್’ ಹಾಕಿದೆ. ಚಾಂಪಿಯನ್‌ರೀಫ್ ಬರೆದದ್ದನ್ನು ಮೊದಲು ಓದಿ ಹೇಳಿದ್ದೆ. ಮೊದಲರ್ಧ ಗಂಟೆ ಅವಳಿಗೆ ಉಚ್ಚಾರಣೆ ಅರ್ಥವಾಗದೆ ಒದ್ದಾಡಿದಳು, ಫೋನ್ ಎರಡು ಸಲ ಕೈಗೆ ಬಂತು. ಡ್ಯಾನಿ ಸೈಕಲ್ ಮೇಲೆ ಬಂದಾಗ, ‘ಅಬ್ಬಾ, ಎದ್ದು ಓಡಾಡ್ತಿದ್ದಾರೆ’ ಅಂದಳು. ಆಮೇಲೆ ಅವನು ಕೆಮ್ಮಿ ಕೆಮ್ಮಿ ಕುಸಿದ. ಆಸ್ಪತ್ರೆ ಬಂತು. ಬಿಳಿ ಹಾಸಿಗೆ ಬಂತು. ಹೊರಗಡೆ ಹಣೆಯ ದೀಪಗಳು ಬಂದವು.

ಅವಳು ನನ್ನ ಕಡೆ ತಿರುಗಿ, ‘ಅಪ್ಪಾ, ಇಲ್ಲೂ ಮೋಸ ಮಾಡಿದೆ. ಮತ್ತೆ ಹಾಸಿಗೆ’ ಅಂದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ತಾಳು, ಈ ಸಲ ಎದ್ದು ಬರ್ತಾರೆ, ಅಂದೆ.